ನಲವತ್ತೆರಡು ಮಾತ್ರೆಗಳು

ಬಸ್ಸು ರೊದ್ದಂ ದಾಟಿದರೂ ಶಿರೀಷಾ ಕೈಯಲ್ಲಿದ್ದ ವರದಿಯನ್ನು ಮಡಚಿಟ್ಟಿರಲಿಲ್ಲ.

ಬೆಳಿಗ್ಗೆ ಹಿಂದೂಪುರದ ಆಸ್ಪತ್ರೆಗೆ ರಕ್ತಪರೀಕ್ಷೆಯ ವರದಿ ಬಂದಿತ್ತು. ಹೋದ ವಾರ ತೆಗೆದ ರಕ್ತ. ಕಲ್ಯಾಣದುರ್ಗದ ದರ್ಜಿ ಓಬಳೇಶಪ್ಪನದು. ಅದರಲ್ಲಿ ಔಷಧಿಯ ಸುಳಿವೇ ಇಲ್ಲ. ದಿನಕ್ಕೊಂದರಂತೆ ಇದುವರೆಗೆ ಅವಳೇ ಎಣಿಸಿ ಕೊಟ್ಟದ್ದು ನಲವತ್ತೆರಡು ಮಾತ್ರೆ.

ಅದು ಖಿನ್ನತೆಯ ಔಷಧಿಗಳ ಪ್ರಯೋಗ. ಅರ್ಧ ಜನರಿಗೆ ಹಳೆಯ ಮಾತ್ರೆ, ಉಳಿದವರಿಗೆ ಎರಡು ಔಷಧಿ ಬೆರೆಸಿದ ಹೊಸದು. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ತಿಳಿಯದು. ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದು ಶಿರೀಷಾಳ ಕೆಲಸ.

ಮೊದಲ ದಿನ ಓಬಳೇಶಪ್ಪ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ನಿದ್ದೆಯಿಲ್ಲ. ಅನ್ನ ಸೇರದು. ಬಾವಿ ಕಂಡರೆ ಕಾಲು ಅತ್ತಲೇ ಎಳೆಯುತ್ತದೆ. ಉತ್ತರ ಕೊಡುವ ಮುಂಚೆ ಪ್ರತಿ ಸಲವೂ ಬಾಗಿಲಾಚೆ ನೋಡುತ್ತಿದ್ದ. ಅಲ್ಲಿ ಅವನ ಹೆಂಡತಿ ಚೌಡಕ್ಕ ತಲೆಗೆ ಸೆರಗು ಹೊದ್ದು ಬೆಂಚಿನ ಮೇಲೆ ಕೂತಿದ್ದಳು. ಗಂಡಸಿನ ನಾಚಿಕೆ ಎಂದುಕೊಂಡಿದ್ದಳು ಶಿರೀಷಾ. ಆಮೇಲಾಮೇಲೆ ಅವನು ಗುಣವಾಗುತ್ತಿದೆ ಎಂದ. ಅವಳು ನಂಬಿ ಬರೆದುಕೊಂಡಳು.

ಈಗ ಅರ್ಥವಾಗಿತ್ತು. ಕೂಡಿಡುತ್ತಿದ್ದಾನೆ. ಒಂದೇ ಸಲಕ್ಕೆ ನುಂಗಲು.

ಅವನ ಹೊಲಿಗೆ ಅಂಗಡಿ ಪಕ್ಕದ ಫೋನ್ ಬೂತಿಗೆ ಕರೆ ಮಾಡಿದರೆ ಅಲ್ಲಿಯವನು, "ಎರಡು ದಿನದಿಂದ ಬಾಗ್ಲೇ ತೆಗೆದಿಲ್ಲ ಕಣಮ್ಮ" ಎಂದಿದ್ದ. ಆಗಲೇ ಅವಳು ಬಸ್ ಸ್ಟ್ಯಾಂಡಿಗೆ ಓಡಿದ್ದು.

ಕಲ್ಯಾಣದುರ್ಗದಲ್ಲಿ ಇಳಿದು, ವಿಚಾರಿಸಿಕೊಂಡು ಮನೆ ಮುಟ್ಟಿದಾಗ ಓಬಳೇಶಪ್ಪ ಜಗಲಿಯ ಮೇಲೆ ಚೀಲ ಬಿಚ್ಚುತ್ತಿದ್ದ. ಬದುಕಿದ್ದ.

"ಸೆಟ್ಟೂರಿಗೆ ಹೋಗಿದ್ವಿ ಮೇಡಂ, ಇವಳ ತವರಿಗೆ. ಮೂರು ವರ್ಷ ಆಗಿತ್ತು ಇವಳು ಹೊಸಿಲು ದಾಟಿ ನೆಂಟರ ಮನೆಗೆ ಹೋಗಿ."

"ಮಾತ್ರೆ ಎಲ್ಲಿ?"

ಅವನು ಡಬ್ಬಿ ತಂದುಕೊಟ್ಟ. ಖಾಲಿ.

ಶಿರೀಷಾ ಡಬ್ಬಿ ಬೋರಲು ಹಾಕಿ ನೋಡಿದಳು. "ಯಾವಾಗ ನುಂಗಿದ್ರಿ? ಎಲ್ಲಾ ಒಟ್ಟಿಗೇನಾ? ಹೇಳಿ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಓಬಳೇಶಪ್ಪ ಬಾಗಿಲ ಕಡೆ ನೋಡಿದ. ಒಳಗಿನಿಂದ ಚೌಡಕ್ಕ ಬಂದಳು. ನೀರಿನ ಚೊಂಬು ಶಿರೀಷಾಳ ಕೈಗಿತ್ತು ಗಂಡನ ಪಕ್ಕ ನಿಂತಳು.

"ಅವ್ರನ್ನ ಕೇಳ್ಬ್ಯಾಡಿ ಕಣಮ್ಮ. ನನ್ನ ಹೆಸ್ರು ಬರೆಸಿದ್ರೆ ಊರೋರು ಹುಚ್ಚಿ ಅಂತಾರೆ ಅಂತ ಅವ್ರ ಹೆಸ್ರು ಕೊಟ್ವಿ; ದಿನಾ ಒಂದ್ರಂಗೆ ನುಂಗಿದೋಳು ನಾನು."