ಜಾಲರಿ ತುಂಬ ಪಾಚಿ

ಕಡಲ ಮೀನಿನ ತೊಟ್ಟಿಯ ಪಕ್ಕದಲ್ಲೊಂದು ಜಾಲರಿ; ತೊಟ್ಟಿಯ ನೀರು ಅದರ ಮೇಲೆ ಹರಿದು ಮತ್ತೆ ತೊಟ್ಟಿಗೇ ಬೀಳುತ್ತಿತ್ತು. ನೀರಿನ ಕೊಳೆಯನ್ನೆಲ್ಲ ಹೀರಿಕೊಂಡು ಅದರ ಮೇಲೆ ಪಾಚಿ ಬೆಳೆಯುತ್ತಿತ್ತು. ಅದನ್ನು ಕೆರೆದು ತೆಗೆಯಲು ಅಕ್ವೇರಿಯಂ ಅಂಗಡಿಯ ಲತೀಫ ವಾರವಾರವೂ ಮುದುಕಿಯೊಬ್ಬಳ ಮನೆಗೆ ಬರುತ್ತಿದ್ದ.

"ಈ ಸಲಾನೂ ಎಷ್ಟು ದಪ್ಪ ಬೆಳೆದಿದೆ ನೋಡಿ ಅಮ್ಮ! ಮೀನಿಗೆ ಊಟ ಜಾಸ್ತಿ ಹಾಕ್ತೀರಿ. ಮಿಕ್ಕಿದ್ದು ಕೊಳೆತು ಪಾಚಿಗೆ ಗೊಬ್ಬರ ಆಗುತ್ತೆ."

"ಇರಲಿ ಬಿಡಪ್ಪ. ಮೊದಲು ಕಾಫಿ ಕುಡಿ, ಆರಿಹೋಗುತ್ತೆ."

"ಮೀನೆಲ್ಲಿ? ಕೇಳಿದಾಗೆಲ್ಲ ಕಲ್ಲಿನ ಸಂದೀಲಿ ಅವಿತ್ಕೊಂಡಿದೆ ಅಂತೀರಿ."

ಲತೀಫ ಟಾರ್ಚ್ ಬಿಟ್ಟು ನೋಡಿದ. ಸಂದಿ ಖಾಲಿಯಿತ್ತು.

"ಅದು ಸತ್ತು ಬಹಳ ದಿನ ಆಯ್ತು."

"ಮತ್ತೆ ದಿನಾ ಯಾರಿಗೆ ಊಟ ಹಾಕ್ತಿದ್ರಿ?"

"ಪಾಚಿಗೆ. ಅದು ಬೆಳೆದ್ರೆ ತಾನೇ ನೀನು ಬರೋದು?"