ಸಾಯದ ಕಪ್ಪೆ

"ಸಾಯಿ ಬಂಡೆಮ್ಮಾ, ಸಾಯಿ!" ಸೀರೆಯ ಪರದೆಯ ಹಿಂದಿನಿಂದ ವಿಜಯಶ್ರೀ ಟೀಚರ್ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಕಪ್ಪೆ ಸಾಯಲಿಲ್ಲ. ಹಸಿರು ಟವಲ್ ಹೊದ್ದ ಎಂಟು ವರ್ಷದ ಬಂಡೆಮ್ಮ ನಡುರಂಗದಲ್ಲಿ ಸೆಟೆದು ನಿಂತೇ ಇದ್ದಳು. ಟಿಪ್ಪರ್ ಬಂದು ಕೆರೆಗೆ ಮಣ್ಣು ಸುರಿದ ಕೂಡಲೇ ಮೀನು, ಕಪ್ಪೆ ಎಲ್ಲವೂ ಸಾಯಬೇಕು, ನಾಟಕ ಇರುವುದೇ ಹಾಗೆ. ಮೀನಾಗಿದ್ದ ಅವಳ ತಮ್ಮ ಆಗಲೇ ಅಚ್ಚುಕಟ್ಟಾಗಿ ಸತ್ತಿದ್ದ. ಟಿಪ್ಪರ್ ಆಗಿದ್ದ ಅಂಬಾದಾಸ ‘ಡುರ್ರ್’ ಅನ್ನುವುದನ್ನೂ ಮರೆತು ಮಿಕಿಮಿಕಿ ನೋಡುತ್ತಿದ್ದ.

ವಿಜಯಶ್ರೀ ಪರದೆಯ ಸಂದಿಯಿಂದ ಮುಂದಿನ ಸಾಲಿನತ್ತ ಇಣುಕಿದಳು. ತೆಲುಗು ನಾಡಿನ ಮಣಿಕೊಂಡದ ಅಪಾರ್ಟ್‌ಮೆಂಟ್ ಸೈಟಿನ ಈ ತಗಡಿನ ಶಾಲೆ, ರಾಯಚೂರು ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳದು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಅಲ್ಲಿ ಕೂತಿದ್ದ, ಶಾಲೆಗೆ ದುಡ್ಡು ಕೊಡುವ ಸಾಫ್ಟ್‌ವೇರ್ ಕಂಪನಿಯವರಿಗೆ ನಾಟಕ ಹಿಡಿಸಿದರೆ ಮುಂದಿನ ವರ್ಷವೂ ಶಾಲೆ ಉಂಟು, ಇಲ್ಲದಿದ್ದರೆ ಬೀಗ. ಮಕ್ಕಳು ಪರಿಸರದ ಪಾಠ ಕಲಿತದ್ದು ಅವರಿಗೆ ಕಾಣಬೇಕಿತ್ತು. ಹದಿನೈದು ದಿನ ಗಂಟಲು ಹರಿದುಕೊಂಡು ಕಲಿಸಿದರೆ ಈ ಹುಡುಗಿ ಹೀಗೆ ಕೈಕೊಡುವುದೇ!

"ಯಾಕ ಸಾಯ್ಲಿ ಟೀಚರ್?" ಬಂಡೆಮ್ಮ ಎಲ್ಲರಿಗೂ ಕೇಳುವಂತೆಯೇ ಅಂದಳು. "ಇಲ್ಲಿ ಕೆರಿ ಮುಗೀತಂದ್ರ ಇನ್ನೊಂದು ಕೆರಿಗೆ ಹೋಗ್ತೀನಿ. ಸೈಟ್ ಮುಗುದ್ರ ನಾವೂ ಹಂಗ ಹೋಗ್ತೀವಲ್ರಿ?" ಹೊದ್ದ ಟವಲನ್ನು ಗಂಟು ಕಟ್ಟಿ ತಲೆಗೇರಿಸಿದಳು.

"ಏಮಂಟೋಂದಿ ಮೇಡಂ?" ಹುಡುಗಿ ಏನನ್ನುತ್ತಿದ್ದಾಳೆಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ವಿಜಯಶ್ರೀ ಹೊರಗೆ ಬಂದು ತೆಲುಗಿನಲ್ಲಿ ಹೇಳಿದಳು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡ ಅವಳು, ಪಾಠವನ್ನೂ ಸೇರಿಸಿಬಿಡೋಣವೆಂದು ಕಪ್ಪೆಯ ಹತ್ತಿರ ಹೋದಳು.

"ಇನ್ನೊಂದು ಕೆರಿ ಎಲ್ಲೈತಿ ಹುಚ್ಚಿ? ಸುತ್ತ ಎಲ್ಲಾ ಮುಚ್ಯಾರ. ಈಗೇನ್ ಮಾಡ್ತಿ?"

ಬಂಡೆಮ್ಮ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸಿದಳು. ಆಮೇಲೆ ಗಂಟು ಬಿಚ್ಚಿ, ಟವಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ನೇರ ಅಂಬಾದಾಸನ ಮುಂದೆ ಹೋಗಿ ನಿಂತಳು.

"ಅಣ್ಣಾ, ನನ್ನೂ ಕೆಲಸಕ್ಕ ಹಚ್ಕೋರಿ. ಮಣ್ಣು ಹೊರಾಕ ಬರ್ತೈತಿ ನನಗ."

ಯಾರೂ ಹೇಳಿಕೊಟ್ಟದ್ದಲ್ಲ. ಅಂಬಾದಾಸ ಮಣ್ಣು ಸುರಿಯಲು ತಂದಿದ್ದ ಬುಟ್ಟಿಯನ್ನೇ ತುಂಬಿ ಅವಳ ತಲೆಗೆ ಎತ್ತಿದ. ಮುಂದಿನ ಸಾಲಿನವರು ಮತ್ತೆ ವಿಜಯಶ್ರೀಯ ಮುಖ ನೋಡಿದರು. ಅವಳಿಗೆ ತೆಲುಗು ಬಾಯಿಗೆ ಬರಲಿಲ್ಲ, ಅಳು ಬಂತು.

ಕಪ್ಪೆ ಬುಟ್ಟಿ ಹೊತ್ತು ಕೆರೆಯ ನಡುವಿಗೆ ಬಂದು, ಸತ್ತು ಬಿದ್ದಿದ್ದ ತಮ್ಮನನ್ನು ಕಾಲಿನಿಂದ ಮೆಲ್ಲಗೆ ತಿವಿಯಿತು.

"ಏ ಮೀನಾ, ಜರಾ ಸರಿಯೋ. ಮಣ್ಣು ಹಾಕ್ಬೇಕು."