ಅವ್ವ ಹಾಕಿದ ಜಡೆ

ಬೇಯಿಸಿದ ಅರಿಶಿನದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ತೋಳುಗಳು ಸೋತುಬರುತ್ತವೆ.

ಮಕ್ಕಳ ನಾಟಕತಂಡದ ಜೊತೆ ಮೊದಲ ಸಲ ಊರೂರು ತಿರುಗಲು ನಾನು ಹೊರಡುವ ಹಿಂದಿನ ದಿನ. ತೆರಕಣಾಂಬಿಯ ನಮ್ಮ ಮನೆ ಜಗುಲಿಯಲ್ಲಿ ಅವ್ವ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಅರಿಶಿನ ಬೇಯಿಸಿ ಬಂದಿದ್ದ ಅವಳ ಬೆರಳ ಗೆರೆಗಳೆಲ್ಲ ಹಳದಿಯಾಗಿದ್ದವು. ತಲೆ ಬಾಚಿಕೊಳ್ಳಲು ಬಾರದಿದ್ದರೆ ಕೂದಲು ಕತ್ತರಿಸಿಯೇ ಕಳಿಸಿ ಎಂದು ನಾಟಕದ ಮೇಷ್ಟ್ರು ಹೇಳಿಬಿಟ್ಟಿದ್ದರು.

"ಅಲ್ಲಿ ನಿಂಗ್ಯಾರು ಜಡೆ ಆಕ್ತಾರೆ? ಬಿಚ್ಚು, ಇನ್ನೊಂದ್ಸಲ ಆಕು" ಎಂದಳು ಅವ್ವ.

ಎಣ್ಣೆ ಹಚ್ಚಿದ ಕೂದಲು ನಿಲ್ಲುತ್ತಿರಲಿಲ್ಲ. ಎರಡು ಎಳೆ ಹಿಡಿದರೆ ಮೂರನೆಯದು ಜಾರುತ್ತಿತ್ತು.

"ತೋಳು ನೋಯ್ತದೆ ಕಣವ್ವ."

"ನೋಯ್ಲಿ ಕಣಮ್ಮಿ. ನಂದೂ ನೋಯ್ತದೆ" ಎಂದಳು, ಕಣ್ಣು ಮುಚ್ಚಿಕೊಂಡೇ.

ಜಗುಲಿಯ ಬಿಸಿಲು ಇಳಿಯುವ ಹೊತ್ತಿಗೆ ಸೊಟ್ಟ ಜಡೆಯೊಂದು ನಿಂತಿತು. ಅವ್ವ ಎಳೆದು ನೋಡಿದಳು. "ಆಯ್ತು ಬುಡು. ಇನ್ನು ನಾನು ಬೇಕಿಲ್ಲ ನಿಂಗೆ."

ಆಮೇಲೆ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಅಷ್ಟನ್ನೂ ಬಿಚ್ಚಿ, ತಾನೇ ನಿಧಾನವಾಗಿ, ಬಿಗಿಯಾಗಿ ಹೆಣೆದಳು.

ಮೊದಲ ಆಟ ಮರುದಿನ ಸಂಜೆಯೇ, ಚಾಮರಾಜನಗರದಲ್ಲಿ. ನನ್ನದು ರಾಜಕುಮಾರನ ಪಾತ್ರ. ಜಡೆಯಿದ್ದರೆ ಪೇಟ ಕೂರುವುದಿಲ್ಲವೆಂದು ಬಣ್ಣ ಹಚ್ಚುವ ಅಕ್ಕ ಅದನ್ನು ಬಿಚ್ಚಲು ಕೈಹಾಕಿದಳು. ನಾನು ಎರಡೂ ಕೈಯಿಂದ ಜಡೆ ಹಿಡಿದುಕೊಂಡೆ.

"ಬುಡಮ್ಮಿ, ನಾಟಕ ಮುಗುದ್ಮೇಲೆ ನೀನೇ ಆಕೊಳ್ವಂತೆ. ಬರಲ್ವಾ ನಿಂಗೆ?"

"ಬರಲ್ಲ" ಎಂದೆ.